ಬೇಗ ನೀಲಿಗಟ್ಟುವ ಚರ್ಮ: ಸದಸ್ಯರ ಗಮನಕ್ಕೆ

ಪರೀಕ್ಷೆಯಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತಿದೆ, ಆದರೂ ಮೈತುಂಬ ನೀಲಿ ಕಲೆಗಳೇಕೆ ಎಂದು ಹಲವರು ಕೇಳುತ್ತಿದ್ದೀರಿ. ದೇಹದ ಅಂಗಾಂಶಗಳನ್ನು ದುರ್ಬಲಗೊಳಿಸುವ ಆನುವಂಶಿಕ ಕಾಯಿಲೆಯಾದ ಏಲರ್ಸ್-ಡಾನ್ಲೋಸ್ ಸಿಂಡ್ರೋಮ್‌ನಲ್ಲಿ ದೋಷವಿರುವುದು ಸಾಮಾನ್ಯವಾಗಿ ರಕ್ತದಲ್ಲಲ್ಲ, ರಕ್ತನಾಳದ ಗೋಡೆಯಲ್ಲಿ ಮತ್ತು ಅದಕ್ಕೆ ಆಸರೆಯಾದ ಅಂಗಾಂಶದಲ್ಲಿ. ಅಲ್ಲಿನ ಕೊಲಾಜೆನ್ (ಅಂಗಾಂಶಕ್ಕೆ ಬಲ ಕೊಡುವ ಪ್ರೋಟೀನ್) ದುರ್ಬಲವಾದ್ದರಿಂದ ಮೇಜಿನ ಅಂಚು ತಾಗಿದರೂ, ಚೀಲದ ಪಟ್ಟಿ ಒತ್ತಿದರೂ ಸೂಕ್ಷ್ಮನಾಳಗಳು ಒಡೆಯಬಹುದು. ಹಾಗೆಂದು ಎಲ್ಲವನ್ನೂ ಇದರ ತಲೆಗೇ ಕಟ್ಟಬೇಡಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಂಥದ್ದು ಜೊತೆಗಿರಬಹುದು, ವೈದ್ಯರನ್ನು ಕೇಳಿ.

ಹಲ್ಲು ಕೀಳಿಸುವ ಮುನ್ನ, ಶಸ್ತ್ರಚಿಕಿತ್ಸೆಗೆ ಮುನ್ನ ಈ ವಿಷಯ ಹೇಳಲೇಬೇಕು. ರಕ್ತಸ್ರಾವ ಹೆಚ್ಚಿಸಬಹುದಾದ ಆಸ್ಪಿರಿನ್, ಐಬುಪ್ರೊಫೆನ್ ಸ್ವಂತ ಬುದ್ಧಿಯಿಂದ ನುಂಗಬೇಡಿ. ವೈದ್ಯರು ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸುವುದೂ ಬೇಡ.

ವ್ಯಾಸ್ಕುಲರ್ ಬಗೆಯವರೇ (ದೊಡ್ಡ ರಕ್ತನಾಳಗಳೂ ಒಡೆಯಬಹುದಾದ ಬಗೆ), ಎದೆಯಲ್ಲೋ ಹೊಟ್ಟೆಯಲ್ಲೋ ದಿಢೀರನೆ ತೀವ್ರ ನೋವು ಕಾಣಿಸಿದರೆ ಇಲ್ಲಿ ಸಂದೇಶ ಹಾಕಿ ಉತ್ತರಕ್ಕೆ ಕಾಯಬೇಡಿ. ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ, ಕಾಯಿಲೆಯ ಹೆಸರನ್ನು ಮೊದಲೇ ಹೇಳಿ.