ಹನ್ನೊಂದನೆಯ ದಿನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಉಳಿದ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ನೀನು ನೌಕರಿ ಬಿಟ್ಟದ್ದು, ಮೂವತ್ತಾರನೆಯ ವಯಸ್ಸಿನಲ್ಲಿ ಪಿಎಚ್.ಡಿ. ಎಂದು ದೆಹಲಿಗೆ ಹೊರಟದ್ದು, ಅದರ ಮೇಲೆ ಮನೆಯಲ್ಲಿ ಎದ್ದ ಮಾತು, ಯಾವುದನ್ನೂ ಇಲ್ಲಿ ಕೆದಕುವುದಿಲ್ಲ.

ನಿನ್ನ ಪತ್ರವನ್ನು ನಗುತ್ತಲೇ ಓದಿದೆ. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತ ಹುಡುಗಿಯೊಬ್ಬಳ ಪರವಾಗಿ ಹಾಸ್ಟೆಲಿನ ನೆಲದ ಮೇಲೆ ಕುಳಿತು ರಾತ್ರಿಯಿಡೀ ಪೋಸ್ಟರ್ ಬರೆದದ್ದು, ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತವರಿಗೆ ಭಾಷಣ ಮಾಡಿದ್ದು, ಬಣ್ಣ ಮೆತ್ತಿದ ಕೈಯಲ್ಲೇ ಗೈಡ್ ಎದುರು ಹೋಗಿ ಕುಳಿತದ್ದು. ಕೊನೆಯಲ್ಲಿ, ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: "ಹನ್ನೊಂದನೆಯ ದಿನ ಈ ಮಕ್ಕಳಿಗೆ ನಾನು ಯಾರು, ಮಾವ?"

ಅಲ್ಲಿಗೆ ನನ್ನ ನಗು ನಿಂತಿತು. ಹಗುರವಾಗಿ ಬರೆದಿರಬಹುದು ಎಂದುಕೊಂಡೆ. ಆದರೆ ನೀನು ಹಗುರವಾಗಿ ಬರೆಯುವಾಗ ಅಕ್ಷರ ಸಣ್ಣದು ಮಾಡುವವಳಲ್ಲ.

ಹನ್ನೊಂದರ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಿದೆ. ಲೆಕ್ಕ ತಪಾಸಣೆಯಲ್ಲಿ ತಲೆ ನೆರೆಸಿಕೊಂಡವನಿಗೆ ನಿಯಮಾವಳಿ ಕಂಡರೆ ಓದದೆ ಇರಲಾಗುವುದಿಲ್ಲ. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕೆಂದು ಹೇಳುವ ಲಿಂಗ್ಡೋ ಸಮಿತಿಯ ಶಿಫಾರಸುಗಳಲ್ಲಿ, 2006ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜಾರಿ ಮಾಡಿ ಎಂದದ್ದರಲ್ಲಿ, ಸಿಕ್ಕಿತು: ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ ಮುಗಿಯಬೇಕು. ಅಲ್ಲೇ ನಿನ್ನ ವಯಸ್ಸಿನ ಮಾತೂ ಇದೆ. ಸಂಶೋಧನಾ ವಿದ್ಯಾರ್ಥಿಗೆ ಸ್ಪರ್ಧಿಸಲು ಮಿತಿ 28 ವರ್ಷ. ನೀನು ಓಟು ಹಾಕಬಹುದು, ಇನ್ನೊಬ್ಬರಿಗಾಗಿ ಓಟು ಕೇಳಬಹುದು, ನಿಲ್ಲುವಂತಿಲ್ಲ. ಸೋಲುವ ಅವಕಾಶವೂ ನಿನಗಿಲ್ಲ! ಗೆದ್ದವರಿಗೆ ಹನ್ನೊಂದನೆಯ ದಿನ ಹುದ್ದೆ ಇರುತ್ತದೆ. ಸೋತವರ ಸುತ್ತ ಸಮಾಧಾನ ಹೇಳುವವರು ಇರುತ್ತಾರೆ. ಪೋಸ್ಟರ್ ಬರೆದವಳ ಬಳಿ ಯಾರು ಕುಳಿತುಕೊಳ್ಳುತ್ತಾರೆ? ನೀನು ಕೇಳಿದ್ದು ಇದನ್ನೇ ಅಲ್ಲವೇ?

ಆ ಮಕ್ಕಳು ಕೆಟ್ಟವರು ಎನ್ನುತ್ತಿಲ್ಲ. ಇಪ್ಪತ್ತರ ಹುಡುಗರಿಗೆ ಮರುವಾರ ಇನ್ನೊಂದು ಗುಂಪು, ಇನ್ನೊಂದು ಜಗಳ, ಇನ್ನೊಂದು ಪ್ರೀತಿ ಇರುತ್ತದೆ. ಅವರ ಮರೆವಿನಲ್ಲಿ ಕಪಟವಿಲ್ಲ. ನಿನ್ನ ವಯಸ್ಸಿಗೆ ಮಾತ್ರ ಅದು ಬೇರೆ ರೀತಿ ತಾಗುತ್ತದೆ, ಯಾಕೆಂದರೆ ನೀನು ಸುಲಭಕ್ಕೆ ಯಾರೊಂದಿಗೂ ಸೇರುವವಳಲ್ಲ.

ನನ್ನದೊಂದು ಹಳೆಯ ಸಂಗತಿ ಇದೆ. ನಿನ್ನ ಅಮ್ಮನಿಗೂ ಅಷ್ಟಾಗಿ ಗೊತ್ತಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಕಚೇರಿ ಬಿಟ್ಟ ಮೇಲೆ, ಸಂಜೆಯ ಕಾನೂನು ಕಾಲೇಜಿಗೆ ಹೋಗುತ್ತಿದ್ದೆ. ಆಗ ನಮ್ಮಲ್ಲೂ ಕಾಲೇಜು ಚುನಾವಣೆಗಳಿದ್ದವು. ಅವು ನಿಂತುಹೋಗಿ ಈಗ ದಶಕಗಳೇ ಕಳೆದಿವೆ, ನಿನ್ನ ಓರಗೆಯವರು ಅವನ್ನು ಕಂಡೇ ಇಲ್ಲ. ನನ್ನ ಸುತ್ತ ಇದ್ದವರೆಲ್ಲ ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಕೊನೆಯ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡು, ಗಂಟೆ ಹೊಡೆದ ತಕ್ಷಣ ಬಸ್ಸಿಗೆ ಓಡುತ್ತಿದ್ದೆ. ಒಂದು ಸಂಜೆ ಓಟು ಕೇಳಲು ಬಂದ ಹುಡುಗ ಬಹಳ ವಿನಯದಿಂದ ನನ್ನ ಹೆಸರು ಕೇಳಿದ. "ಮತದಾರರ ಪಟ್ಟಿಯಲ್ಲಿದೆ, ನೋಡಿಕೊಳ್ಳಿ" ಎಂದೆ. ಆ ಮಾತು ಆಡಿ ಹೆಮ್ಮೆಪಟ್ಟವನು ನಾನು. ಮೂರು ವರ್ಷ ಹಾಗೆಯೇ ಮುಗಿಯಿತು. ಪದವಿಯ ಕಾಗದ ಬಂತು, ಪೆಟ್ಟಿಗೆ ಸೇರಿತು.

ಎಷ್ಟೋ ಕಾಲದ ನಂತರ ನಿನ್ನ ಅಜ್ಜನ ಜಮೀನಿನ ಕೆಲಸಕ್ಕೆಂದು ಕೋರ್ಟಿಗೆ ಹೋಗಿದ್ದಾಗ, ಕರಿಕೋಟಿನವರೊಬ್ಬರು ತಡೆದು ನಿಲ್ಲಿಸಿ, "ನೀವು ಕೊನೆಯ ಬೆಂಚಿನವರಲ್ಲವೇ? ಅವತ್ತು ಓಟು ಹಾಕಿದಿರೋ ಇಲ್ಲವೋ ಹೇಳಲೇ ಇಲ್ಲ" ಎಂದು ನಕ್ಕರು. ಅವರ ಹೆಸರು ನನಗೆ ನೆನಪಿರಲಿಲ್ಲ. ಕಾರ್ಡ್ ಕೊಟ್ಟ ಮೇಲೆ ಓದಿಕೊಂಡೆ. ನಾನು ಯಾರಿಗಾದರೂ ಯಾರಾದರೂ ಆಗಿರಬಹುದು ಎಂಬುದೇ ಆ ಮೂರು ವರ್ಷ ನನಗೆ ಹೊಳೆದಿರಲಿಲ್ಲ. ಇದರಿಂದ ನಿನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆಯೋ ಇಲ್ಲವೋ ತಿಳಿಯದು. ನಿನ್ನ ಸಾಲನ್ನು ಓದುವಾಗಲೆಲ್ಲ ಆ ಕಾರ್ಡ್ ನೆನಪಾಗುತ್ತದೆ, ಅಷ್ಟೇ.

ಬುದ್ಧಿಮಾತು ಹೇಳಲು ನನಗೇನು ಅರ್ಹತೆ? ಆದರೂ ಎರಡು ಮಾತು, ಬೇಸರವಾದರೆ ದಾಟಿಸಿ ಓದು.

ಬಣ್ಣ, ಕಾಗದಕ್ಕೆ ನೀನೇ ಹಣ ಕೊಟ್ಟೆ ಎಂದು ಬರೆದಿದ್ದೀಯ. ನೀನು ಸಂಬಳ ಎಣಿಸಿದವಳು ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಕೈಗಳು ನಿನ್ನ ಕಡೆಗೇ ಚಾಚುತ್ತವೆ. ಒಬ್ಬ ಅಭ್ಯರ್ಥಿಯ ವೆಚ್ಚಕ್ಕೆ ಶಿಫಾರಸಿನ ಮಿತಿ 5,000 ರೂಪಾಯಿ. ಅಚ್ಚು ಹಾಕಿಸಿದ ಪೋಸ್ಟರಿಗೆ ಅವಕಾಶವಿಲ್ಲ, ಕೈಯಲ್ಲಿ ಬರೆದದ್ದರ ಖರ್ಚೂ ಈ ಮಿತಿಯೊಳಗೇ ಬರಬೇಕು. ನೀನು ಪ್ರೀತಿಯಿಂದ ತಂದ ಬಣ್ಣದ ಡಬ್ಬಿಯೇ ನಾಳೆ ಆ ಹುಡುಗಿಯ ಆಯ್ಕೆಗೆ ಆಕ್ಷೇಪವಾಗಬಾರದು. ರಸೀದಿಗಳನ್ನು ಎಸೆಯಬೇಡ.

ಇನ್ನೊಂದು. "ನೀವು ದೊಡ್ಡವರು, ಆಡಳಿತದವರ ಹತ್ತಿರ ನೀವೇ ಮಾತನಾಡಿ" ಎಂದು ನಿನ್ನನ್ನು ಮುಂದೆ ತಳ್ಳುತ್ತಾರೆ. ಮಾತನಾಡು. ಆದರೆ ಇಡೀ ಗುಂಪಿನ ಪರವಾಗಿ ಮುಚ್ಚಳಿಕೆಗೆ ಸಹಿ ಹಾಕಬೇಡ. ಗೈಡ್‌ಗೆ ಕೊಡಬೇಕಾದ ಅಧ್ಯಾಯದ ಬಗ್ಗೆ ನಾನೇನೂ ಹೇಳುವುದಿಲ್ಲ, ನಿನ್ನ ಅಮ್ಮ ಹೇಳುತ್ತಾಳೆ.

ಮತ್ತೆ ಅಲ್ಲಿಗೇ ಬರುತ್ತೇನೆ, ಕ್ಷಮಿಸು. ಫಲಿತಾಂಶ ಬಂದ ಎರಡು ವಾರದೊಳಗೆ ಅಭ್ಯರ್ಥಿಗಳು ಪರಿಶೋಧಿತ ಲೆಕ್ಕಪತ್ರ ಒಪ್ಪಿಸಬೇಕಂತೆ. ಗೆದ್ದರೂ ಸೋತರೂ ಆ ಕೆಲಸಕ್ಕೆ ಯಾರೂ ಕೂರುವುದಿಲ್ಲ, ನಾನು ಬಲ್ಲೆ. ಮದುವೆ ಮುಗಿದ ಮನೆಯಲ್ಲಿ ಪಾತ್ರೆ ಎಣಿಸುವವರು ಸಿಗದ ಹಾಗೆ. ನಿನ್ನ ಹುಡುಗಿಯನ್ನು ಕೂರಿಸಿಕೊಂಡು ನೀನೇ ಬರೆದು ಮುಗಿಸು. ಅದೂ ದುಡಿಸಿಕೊಂಡಂತೆಯೇ ಅಲ್ಲವೇ ಎಂದು ನೀನು ಕೇಳಬಹುದು. ಇರಬಹುದು. ಅವಳು ಬರುತ್ತಾಳೋ, "ದೀದಿ, ನೀವೇ ನೋಡಿಕೊಳ್ಳಿ" ಎಂದು ಜಾರಿಕೊಳ್ಳುತ್ತಾಳೋ, ಅದು ನಿನಗೂ ತಿಳಿದಂತಾಗುತ್ತದೆ. ಬರದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ, ನನಗೆ ಹೇಗೂ ನಿದ್ದೆ ಕಡಿಮೆ.

ಖರ್ಚಿನ ಪಟ್ಟಿಯ ಫೋಟೊ ತೆಗೆದು ಕಳುಹಿಸು. ಕೂಡಿ ನೋಡಿ, ತಪ್ಪಿದ್ದ ಕಡೆ ಗುರುತು ಹಾಕಿ, ಮರುದಿನವೇ ಹಿಂದಿರುಗಿಸುತ್ತೇನೆ.

ಇತಿ,
ನಿನ್ನ ಮಾವ