ರಾತ್ರಿ ಹೊತ್ತು ಕೆರೆಗೆ ಬಿಡುತ್ತಿರುವ ಕೊಳಚೆ ನೀರಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಿರ್ವಹಣಾ ವಿಭಾಗ

ವಿಷಯ: ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಕೆಟ್ಟರೂ ರಿಪೇರಿ ಮಾಡಿಸದೆ, ಶುದ್ಧ ಮಾಡದ ನೀರನ್ನು ಕೆರೆ ಸೇರುವ ರಾಜಕಾಲುವೆಗೆ ಬಿಡುತ್ತಿರುವ ಬಗ್ಗೆ

ಮಾನ್ಯರೇ,

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೋಡಿಕೊಳ್ಳುವ ಗುತ್ತಿಗೆ ನಿಮ್ಮ ಕಂಪನಿಯದು. ನಾನು ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ದಿನಾ ಬೆಳಿಗ್ಗೆ ಹಿಂದಿನ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ.

ಕಳೆದ ಭಾನುವಾರ ಆರು ಗಂಟೆಗೆ ಹೋದಾಗ ನೀರಿನ ಮೇಲೆಲ್ಲಾ ಮೀನಿನ ಬಾಯಿಗಳೇ ಕಾಣುತ್ತಿದ್ದವು. ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಒಂದು ಕಾಟ್ಲಾ ನನ್ನ ಕಾಲ ಬುಡದಲ್ಲೇ, ದಡದ ಕಲ್ಲಿಗೆ ಒರಗಿಕೊಂಡು ಕಿವಿರು ಅಗಲಿಸಿ ಮುಚ್ಚಿ, ಅಗಲಿಸಿ ಮುಚ್ಚಿ, ಸ್ವಲ್ಪ ಹೊತ್ತಿಗೆ ಮಗ್ಗುಲಾಯಿತು. ಎಂಟು ಗಂಟೆಗೆಲ್ಲಾ ದಡದುದ್ದಕ್ಕೂ ಬಿಳಿ ಹೊಟ್ಟೆಗಳು. ಮೀನಿನ ಗುತ್ತಿಗೆ ಹಿಡಿದವರು ತೆಪ್ಪದಲ್ಲಿ ಕೂತು ಗೋಣಿಚೀಲಕ್ಕೆ ತುಂಬುತ್ತಿದ್ದರು. "ಜಿಲೇಬಿ ಮೀನೂ ಸತ್ತಿದೆ ನೋಡಿ ಮೇಡಂ, ಅದು ಎಂಥಾ ನೀರಲ್ಲೂ ಬದುಕೋ ಜಾತಿ" ಅಂದರು. ಅವರ ಮುಖ ನೋಡಲಾಗಲಿಲ್ಲ.

ಕೆರೆಗೆ ಬೇರೆ ಕಡೆಯಿಂದಲೂ ಕೊಳಚೆ ಬರುತ್ತದೆ, ನನಗೂ ಗೊತ್ತು. ಆದರೆ ಸತ್ತ ಮೀನು ಜಾಸ್ತಿ ಇದ್ದದ್ದು ನಮ್ಮ ಪೈಪ್ ಕಾಲುವೆಗೆ ಬೀಳುವ ಮೂಲೆಯಲ್ಲೇ. ಅದಕ್ಕೆ ನೇರ ಎಸ್‌ಟಿಪಿಗೆ ಹೋಗಿ ಅಲ್ಲಿನ ಆಪರೇಟರ್ ಹುಡುಗನನ್ನು ಕೇಳಿದೆ. ಎರಡು ಬ್ಲೋವರ್‌ಗಳಲ್ಲಿ ಒಂದು ಯುಗಾದಿಗೆ ಮುಂಚೆಯೇ ಸುಟ್ಟುಹೋಗಿದೆ. ಇನ್ನೊಂದೂ ಸುಟ್ಟೀತು ಅಂತ ರಾತ್ರಿ ನಿಲ್ಲಿಸುತ್ತಾರಂತೆ. ತೊಟ್ಟಿ ತುಂಬಿ ಬಂದಾಗ, ನೀರನ್ನು ಶುದ್ಧ ಮಾಡದೆ ನೇರ ಹೊರಗೆ ಬಿಡುವ ಬೈಪಾಸ್ ವಾಲ್ವ್ ತೆರೆಯುತ್ತಾರಂತೆ. ಹಾಗೆ ಮಾಡಿ ಎಂದು ಹೇಳಿದ್ದು ನಿಮ್ಮ ಸೂಪರ್‌ವೈಸರ್.

ಆ ತೊಟ್ಟಿಯಲ್ಲಿ ಕೊಳೆಯನ್ನು ತಿಂದು ನೀರನ್ನು ತಿಳಿ ಮಾಡುವುದು ಬ್ಯಾಕ್ಟೀರಿಯಾಗಳು. ಅವಕ್ಕೆ ಹಗಲೂ ರಾತ್ರಿ ಗಾಳಿ ಬೇಕು. ತೊಟ್ಟಿ ಸರಿಯಾಗಿದ್ದರೆ ನೀರು ಕಂದು ಬಣ್ಣ ಇರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ನಾನು ನೋಡಿದ್ದು ಕಪ್ಪು ನೀರು, ಕೊಳೆತ ಮೊಟ್ಟೆ ವಾಸನೆ. ಇದೆಲ್ಲಾ ನಿಮಗೆ ನಾನು ಹೇಳಬೇಕಾ?

ಆ ನೀರು ಕೆರೆ ಸೇರಿದರೆ ಅಲ್ಲಿ ಕರಗಿರುವ ಆಮ್ಲಜನಕವೆಲ್ಲಾ ಕೊಳೆ ಕೊಳೆಯುವುದಕ್ಕೇ ಖರ್ಚಾಗುತ್ತದೆ. ರಾತ್ರಿ ಬಿಸಿಲಿಲ್ಲ, ಹಾಗಾಗಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೇ ಬಳಸಿಕೊಳ್ಳುತ್ತದೆ. ನೀವು ವಾಲ್ವ್ ತೆರೆಯುವುದೂ ಅದೇ ಹೊತ್ತಿನಲ್ಲಿ. ಮೀನು ಸಾಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ.

ಮೀನಿಗೇ ಮುಗಿಯಲಿಲ್ಲ. ಬುಧವಾರ ಜೊಂಡಿನ ಪಕ್ಕ ಒಂದು ನಾಮದ ಕೋಳಿ (ನೀರುಹಕ್ಕಿ) ಕತ್ತು ಎತ್ತಲಾಗದೆ ಬಿದ್ದಿತ್ತು. ಕೈಗೆತ್ತಿಕೊಂಡರೆ ಕತ್ತು ಬಟ್ಟೆಯ ಹಾಗೆ ಜೋತುಬಿತ್ತು. ಪಶುವೈದ್ಯರ ಹತ್ತಿರ ಒಯ್ಯುವಷ್ಟರಲ್ಲಿ ಸತ್ತಿತು. ಬಾಟುಲಿಸಂ ಇರಬಹುದು ಎಂದರು ಅವರು. ಗಾಳಿಯಿಲ್ಲದ ಕೆಸರಿನಲ್ಲಿ, ಕೊಳೆತ ಮೀನಿನಲ್ಲಿ ಹುಟ್ಟುವ ವಿಷ ಅದು. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತಿದ್ದು ಇದರಿಂದಲೇ. ಚಳಿಗಾಲದಲ್ಲಿ ನಮ್ಮ ಕೆರೆಗೂ ದೂರದಿಂದ ಬಾತುಗಳು ಬರುತ್ತವೆ. ಈ ನೀರಿಗೆ ಅವು ಇಳಿಯುವುದನ್ನು ನೆನೆಸಿಕೊಂಡರೆ ಹೊಟ್ಟೆ ಕಲಸುತ್ತದೆ.

ಬೈಪಾಸ್ ವಾಲ್ವ್‌ಗೆ ಇವತ್ತೇ ಬೀಗ ಹಾಕಿ, ಕೀ ನಮ್ಮ ಸಂಘಕ್ಕೆ ಕೊಡಿ. ಬ್ಲೋವರ್ ರಿಪೇರಿ ಆಗುವವರೆಗೆ ಬಾಡಿಗೆಗೆ ಒಂದು ತಂದು ಹಾಕಿ. ಅದು ಬರುವ ತನಕ ಹೆಚ್ಚಾದ ನೀರನ್ನು ಟ್ಯಾಂಕರ್‌ನಲ್ಲಿ ಸರ್ಕಾರಿ ಶುದ್ಧೀಕರಣ ಘಟಕಕ್ಕೆ ಸಾಗಿಸಿ, ಖರ್ಚು ನಿಮ್ಮದೇ. ಹೊರಗಿನ ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿ, ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಮೀನಿನ ಗುತ್ತಿಗೆದಾರರಿಗೆ ಆದ ನಷ್ಟದ ಬಗ್ಗೆ ಅವರ ಜೊತೆ ಕೂತು ಮಾತಾಡಿ. ಏಳು ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಈ ಪತ್ರ, ಫೋಟೋ, ವಿಡಿಯೋ ಎಲ್ಲವನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುತ್ತೇನೆ. 1974ರ ಜಲ ಕಾಯ್ದೆ ಪ್ರಕಾರ ಇದು ನಿಷಿದ್ಧ.

ಇನ್ನೊಂದು ಮಾತು. ನಿಜ ಹೇಳಿದ ಆಪರೇಟರ್ ಹುಡುಗನನ್ನು ದಯವಿಟ್ಟು ಕೆಲಸದಿಂದ ತೆಗೆಯಬೇಡಿ. ಬ್ಲೋವರ್ ಕೆಟ್ಟಿದೆ ಎಂದು ಅವನು ಲಾಗ್ ಪುಸ್ತಕದಲ್ಲಿ ಮೂರು ಸಲ ಬರೆದಿದ್ದಾನೆ. ಆ ಪುಟಗಳ ಫೋಟೋ ಇದರ ಜೊತೆಗಿದೆ.

ಇಂತಿ,
ಅಪಾರ್ಟ್‌ಮೆಂಟಿನ ಒಬ್ಬ ನಿವಾಸಿ