ಮಾಥೇರಾನಿನ ಕುದುರೆ ಹಾದಿಗಳು ಮಣ್ಣಿನವಾಗಿಯೇ ಉಳಿಯಲಿ

ಮಾನ್ಯ ಸಂಪಾದಕರೇ,

ಮುಂಬೈ ಸಮೀಪದ ಮಾಥೇರಾನ್ ಗಿರಿಧಾಮದ ರಸ್ತೆಗಳಿಗೆ ಪೇವರ್ ಬ್ಲಾಕ್ ಹಾಸುವ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೂ ಜನರ ಚರ್ಚೆಯೆಲ್ಲ ಇ-ರಿಕ್ಷಾ ಬೇಕೇ ಬೇಡವೇ ಎಂಬಲ್ಲಿಗೇ ಬಂದು ನಿಲ್ಲುತ್ತಿದೆ. ರಜೆ ಬಂತೆಂದರೆ ಮಕ್ಕಳೊಂದಿಗೆ ಅಲ್ಲಿಗೆ ಹೊರಡುವ ಮುಂಬೈ ಕನ್ನಡಿಗರಲ್ಲಿ ಒಬ್ಬನಾಗಿ, ಕುದುರೆಗಳು ಕಾಲಿಡುವ ನೆಲದ ಕುರಿತೂ ಯೋಚಿಸಬೇಕೆಂದು ಕೋರುತ್ತೇನೆ.

2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾದ ಈ ಊರಿಗೆ ಪ್ರವಾಸಿಗರ ವಾಹನಗಳು ದಸ್ತೂರಿ ನಾಕಾದವರೆಗೆ ಮಾತ್ರ ಬರಬಹುದು. ಅಲ್ಲಿಂದ ಮುಂದೆ ಪ್ರವಾಸಿಗರನ್ನಷ್ಟೇ ಅಲ್ಲ, ಅಂಗಡಿ ಮತ್ತು ಹೋಟೆಲುಗಳ ಸರಕನ್ನೂ ಬಹುಕಾಲದಿಂದ ಹೊತ್ತು ತಂದಿರುವುದು ಕುದುರೆಗಳು. ಅಲ್ಲಿನ ನೆಲ ನಮ್ಮ ಕರಾವಳಿಯ ಮುರಕಲ್ಲಿನ ಕೆಂಪು ಮಣ್ಣಿನದೇ ಜಾತಿ. ಲಾಳ ಕಟ್ಟಿದ ಗೊರಸು ಅದರಲ್ಲಿ ಸ್ವಲ್ಪ ಹುಗಿದು ಹಿಡಿತ ಪಡೆಯುತ್ತದೆ. ಗಟ್ಟಿಯಾದ, ಸವೆದು ನುಣುಪಾದ ಬ್ಲಾಕಿನ ಮೇಲೆ, ಅದರಲ್ಲೂ ಮಳೆಗೆ ನೆನೆದ ಇಳಿಜಾರಿನಲ್ಲಿ, ಅದೇ ಲಾಳ ಜಾರುತ್ತದೆ. ಜಾರಿದರೆ ಪೆಟ್ಟಾಗುವುದು ಕುದುರೆಗೊಂದಕ್ಕೇ ಅಲ್ಲ, ಮೇಲೆ ಕುಳಿತ ಮಗುವಿಗೂ.

ಬೇಸಿಗೆಯ ಕೆಂಪು ಧೂಳು, ಮಳೆಗಾಲದ ಕೊರಕಲು ಇವೆರಡೂ ಸುಳ್ಳಲ್ಲ. ವೃದ್ಧರಿಗೆ, ರೋಗಿಗಳಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ದಸ್ತೂರಿಯಿಂದ ಪೇಟೆಯವರೆಗಿನ ಮುಖ್ಯ ದಾರಿ ಸುಗಮವಾಗಿರಲೇಬೇಕು. ಆದರೆ ಆ ದಾರಿಯ ಒಂದು ಬದಿಯಲ್ಲಾದರೂ ಕುದುರೆಗಳಿಗೆಂದೇ ಮಣ್ಣಿನ ಪಟ್ಟಿಯನ್ನು ಬಿಡಬೇಕು. ಷಾರ್ಲೆಟ್ ಕೆರೆ, ಎಕೋ ಪಾಯಿಂಟ್, ಲೂಯಿಸಾ ಪಾಯಿಂಟುಗಳ ಕಡೆಗೆ ಕಾಡಿನೊಳಗೆ ಸಾಗುವ ಹಾದಿಗಳಿಗಂತೂ ಬ್ಲಾಕು ಸೋಕಲೇಬಾರದು. ಕೊರಕಲಿಗೆ ಮದ್ದು ಸಿಮೆಂಟಲ್ಲ. ಹಾದಿಗೆ ಅಡ್ಡಲಾಗಿ ಕಲ್ಲು ಕೂರಿಸಿ, ಪಕ್ಕದ ಚರಂಡಿಗೆ ನೀರು ತಿರುಗಿಸಿ, ಪ್ರತಿ ಮಳೆಗಾಲಕ್ಕೆ ಮುನ್ನ ಮಣ್ಣು ತುಂಬಿ ದಮ್ಮಸು ಮಾಡುವುದು ಸ್ಥಳೀಯರ ಕೈಯಲ್ಲೇ ಆಗುವ ಕೆಲಸ. ಗುತ್ತಿಗೆಯ ಮೊತ್ತ ದೊಡ್ಡದಾಗದ ಕಾರಣಕ್ಕೋ ಏನೋ, ಅದರತ್ತ ಯಾರಿಗೂ ಉತ್ಸಾಹವಿಲ್ಲ.

ಇಂಗ್ಲೆಂಡಿನಲ್ಲಿ ಕುದುರೆ ಸವಾರರಿಗೂ ಪಾದಚಾರಿಗಳಿಗೂ ಕಾನೂನಿನ ಹಕ್ಕುಳ್ಳ 'ಬ್ರೈಡಲ್‌ವೇ' ಹಾದಿಗಳಿವೆ. 1968ರ ಗ್ರಾಮಾಂತರ ಕಾಯ್ದೆ ಅವುಗಳ ಮೇಲೆ ಸೈಕಲ್ಲಿಗೂ ಅನುಮತಿ ಕೊಟ್ಟಿತಾದರೂ, ನಡೆಯುವವರಿಗೆ ಮತ್ತು ಕುದುರೆ ಸವಾರರಿಗೆ ಸೈಕಲ್ ಸವಾರರು ದಾರಿ ಬಿಡಬೇಕೆಂದು ವಿಧಿಸಿತು. 2022ರಲ್ಲಿ ಮಾಥೇರಾನಿಗೆ ಪ್ರಾಯೋಗಿಕವಾಗಿ ಇ-ರಿಕ್ಷಾ ತಂದಾಗಲೇ ಇಂತಹ ಸರಳ ನಿಯಮವೊಂದನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಬಹುದಿತ್ತು. ಹಿಂದಿನಿಂದ ಸದ್ದಿಲ್ಲದೆ ಬರುವ ಗಾಡಿಗೆ ಕುದುರೆ ಬೆದರುವ ಅಪಾಯ ಇದ್ದೇ ಇರುತ್ತದೆ.

ಕುದುರೆ ಬಾಡಿಗೆಗೆ ಕೊಡುವ ಘೋಡೆವಾಲಾಗಳಿಗೂ ಒಂದು ಮಾತು ಹೇಳಬೇಕು. ಹಾದಿ ತಮ್ಮದೆಂದಾದ ಮಾತ್ರಕ್ಕೆ, ಕಡಿವಾಣ ಹಿಡಿದು ಗೊತ್ತಿಲ್ಲದ ಗಿರಾಕಿಯನ್ನು ಕೂರಿಸಿ ಜನಸಂದಣಿಯಲ್ಲಿ ಕುದುರೆ ಓಡಿಸುವುದು ಸರಿಯಲ್ಲ. ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಗಬೇಕು.

ಯಾವ ಹಾದಿ ಕುದುರೆಗೆ, ಯಾವುದು ನಡೆಯುವವರಿಗೆ ಮಾತ್ರ, ಎಲ್ಲಿ ಇಬ್ಬರೂ ಹಂಚಿಕೊಳ್ಳಬೇಕು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ, ದಸ್ತೂರಿ ನಾಕಾದಲ್ಲಿ ಮರಾಠಿಯ ಜೊತೆಗೆ ಹೊರಗಿನವರಿಗೂ ತಿಳಿಯುವ ಭಾಷೆಗಳಲ್ಲಿ ಪ್ರಕಟಿಸುವ ಕೆಲಸವನ್ನು ಅಲ್ಲಿನ ನಗರ ಪರಿಷತ್ತು ಮುಂದಿನ ಮಳೆಗಾಲದೊಳಗೆ ಮಾಡಿ ಮುಗಿಸಬೇಕೆಂದು ವಿನಂತಿ.

– ಓರ್ವ ಓದುಗ, ಡೊಂಬಿವಲಿ